ಅರಗಿನ ತೂಕಕ್ಕೆ ಜಾಗವಿಲ್ಲದ ನಮೂನೆ

ಅಣ್ಣಿಗೇರಿಯ ಒಬ್ಬ ಚಿನ್ನ ಪರೀಕ್ಷಕರನ್ನು ಮೋಸಗಾರರೆಂದು ಬರೆದು, ಅವರ ಹೆಸರನ್ನು ಶಾಖೆಯ ಗೋಡೆಗೆ ಅಂಟಿಸಿ, ಆ ಮಾತು ಸುಳ್ಳೆಂದು ತಿಳಿದ ಮೇಲೂ ಬಾಯಿ ಬಿಡದೆ ಕುಳಿತಿರುವವರು ನಮ್ಮ ಬ್ಯಾಂಕಿನ ಪ್ರಧಾನ ಕಚೇರಿಯ ಅಪಾಯ ನಿರ್ವಹಣಾ ವಿಭಾಗದವರು. ನಾನೂ ಆ ವಿಭಾಗದವಳೇ. ಆ ಪರೀಕ್ಷಕರ ವಿರುದ್ಧದ ಮೊದಲ ನಾಲ್ಕು ಸಾಲುಗಳನ್ನು ಬರೆದದ್ದು ನಾನು. ಆದ್ದರಿಂದ ಈ ಆರೋಪವನ್ನು ನನ್ನಿಂದಲೇ ಆರಂಭಿಸುತ್ತೇನೆ, ನನ್ನಲ್ಲಿಗೇ ಮುಗಿಸಲಾರೆ.

ನನ್ನ ಕೆಲಸವೆಂದರೆ ಶಾಖೆಗಳಿಗೆ ಮುನ್ಸೂಚನೆ ಕೊಡದೆ ಹೋಗಿ, ಸಾಲಕ್ಕೆ ಅಡವಿಟ್ಟ ವಸ್ತು ಕಾಗದದಲ್ಲಿ ಇರುವಂತೆಯೇ ತಿಜೋರಿಯಲ್ಲಿಯೂ ಇದೆಯೇ ಎಂದು ನೋಡುವುದು. ಅಣ್ಣಿಗೇರಿ ಶಾಖೆಯ ಚಿನ್ನದ ಸಾಲಗಳನ್ನು ನೋಡಲು ಹೊರಟ ದಿನ ಬೆಳಗಿನ ರೈಲುಗಾಡಿಯನ್ನು ಹುಬ್ಬಳ್ಳಿಯಲ್ಲಿ ಹತ್ತಿದೆ. ಜೊತೆಗೆ ಹುಬ್ಬಳ್ಳಿಯ ಇನ್ನೊಬ್ಬ ಚಿನ್ನ ಪರೀಕ್ಷಕರಿದ್ದರು. ಒಬ್ಬ ಪರೀಕ್ಷಕರು ಮಾಡಿದ ಕೆಲಸವನ್ನು ಇನ್ನೊಬ್ಬರು ಮತ್ತೆ ತೂಗಿ ನೋಡಬೇಕೆಂಬುದು ನಿಯಮ. ಅವರು ತಮ್ಮ ತಕ್ಕಡಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಊರು ಬರುವವರೆಗೂ ನಿದ್ದೆ ಮಾಡಿದರು.

ಶಾಖೆಯ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಿದಾಗ, ದಿನವೂ ಹುಬ್ಬಳ್ಳಿಯಿಂದ ಅದೇ ಗಾಡಿಗೆ ಬರುವ ಮ್ಯಾನೇಜರರು ನನ್ನ ಮುಖವನ್ನೊಮ್ಮೆ, ಚೀಟಿಯನ್ನೊಮ್ಮೆ ನೋಡಿದರು.

"ಗಾಡ್ಯಾಗ ಕಿಡಕಿ ಬಾಜು ಕುಂತವ್ರು ನೀವ ಅಲ್ರೀ? ಗೊತ್ತಿದ್ರ ಚಾ ಆದ್ರೂ ಕುಡಸ್ತಿದ್ದೆ."

"ಗೊತ್ತಾಗಬಾರದಂತಲೇ ಬಂದೀವ್ರಿ ಸರ್," ಎಂದೆ.

ತಿಜೋರಿಗೆ ಎರಡು ಕೀಲಿಕೈಗಳು. ಒಂದು ಮ್ಯಾನೇಜರರ ಬಳಿ, ಇನ್ನೊಂದು ಕ್ಯಾಷಿಯರರ ಬಳಿ ಇರಬೇಕು; ಇಬ್ಬರೂ ಸೇರದೆ ಅದು ತೆರೆಯಬಾರದು. ಇಲ್ಲಿ ಎರಡೂ ಕ್ಯಾಷಿಯರರ ಜೇಬಿನಲ್ಲಿದ್ದವು. "ಗಾಡಿ ತಡ ಆದ್ರ ಗಿರಾಕಿ ನಿಂದರಬಾರದಲ್ರಿ," ಎಂದರು ಮ್ಯಾನೇಜರರು. ಬರೆದುಕೊಂಡೆ. ಇಂಥ ತಪ್ಪುಗಳನ್ನು ಹಿಡಿದಾಗ ಬರುವ ಸಣ್ಣ ಹುಮ್ಮಸ್ಸು ಆ ದಿನ ನನ್ನಲ್ಲಿ ತುಸು ಹೆಚ್ಚಾಗಿಯೇ ಇತ್ತು.

ತಿಜೋರಿಯೊಳಗೆ ಚಿನ್ನದ ಪ್ಯಾಕೆಟ್ಟುಗಳಿಗೆ ಮೂರು ಅಂತಸ್ತು. ಬೇಗ ಬಿಡಿಸಿಕೊಳ್ಳುವ ಉಂಗುರ, ಸಣ್ಣ ಸರಗಳು ಮೇಲಿನ ಅಂತಸ್ತಿನಲ್ಲಿ. ವರ್ಷವರ್ಷವೂ ನವೀಕರಣವಾಗುತ್ತ ಉಳಿಯುವ ಹಳೆಯ ಒಡವೆಗಳು ಕೆಳಗೆ. ಹಿಂದಿನ ತಪಾಸಣೆಗಳ ವರದಿಗಳನ್ನು ನಾನು ಓದಿದ್ದೆ. ಎಲ್ಲರೂ ಕೆಲವು ಪ್ಯಾಕೆಟ್ಟುಗಳನ್ನು ಮಾದರಿಗೆಂದು ತೆರೆದಿದ್ದರು, ಎಲ್ಲವೂ ಸರಿಯಿದ್ದವು, ಎಲ್ಲವೂ ಮೇಲಿನ ಅಂತಸ್ತಿನವು. ಬಗ್ಗಿ ತೆಗೆಯುವ ಶ್ರಮವನ್ನು ಯಾರೂ ಪಟ್ಟಿರಲಿಲ್ಲ. ನಾನು ಕೆಳಗಿನ ಅಂತಸ್ತನ್ನೇ ಹೊರಗಿಡಲು ಹೇಳಿದೆ. ಶಾಖೆಯ ಸಿಪಾಯಿ ಸೊಂಟ ಹಿಡಿದುಕೊಂಡು, "ಇಷ್ಟ ವರ್ಷದಾಗ ಇವು ಬಿಸಲ ಕಂಡಿದ್ದಿಲ್ರಿ," ಎಂದು ತಂದಿಟ್ಟ.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಪ್ಯಾಕೆಟ್ಟುಗಳಲ್ಲಿ ಚಿನ್ನ ಕಡಿಮೆ ಬಂತು. ಕಂಪ್ಯೂಟರಿನಲ್ಲಿ ನಲವತ್ತು ಗ್ರಾಮ್ ನಿವ್ವಳ ಚಿನ್ನವೆಂದಿದ್ದ ಒಂದು ಸರದಲ್ಲಿ ಹುಬ್ಬಳ್ಳಿಯ ಪರೀಕ್ಷಕರು ಬರೆದದ್ದು ಇಪ್ಪತ್ತೆಂಟು. ಹನ್ನೊಂದೂ ಬೋರಮಾಳ ಸರಗಳು. ಬೋರೆಹಣ್ಣಿನಂಥ ಟೊಳ್ಳು ಗುಂಡುಗಳನ್ನು ಪೋಣಿಸಿದ ಸರ ಅದು. ಗುಂಡುಗಳು ನೆಗ್ಗದಿರಲೆಂದು ಒಳಗೆ ಅರಗು ತುಂಬಿರುತ್ತಾರೆ. ತೂಕದಲ್ಲಿ ಅರಗನ್ನು ಕಳೆದು ಉಳಿದದ್ದಕ್ಕಷ್ಟೇ ಸಾಲ ಕೊಡಬೇಕು. ಇಲ್ಲಿ ಅರಗಿಗೂ ಸಾಲ ಕೊಡಲಾಗಿತ್ತು. ಹನ್ನೊಂದೂ ಪ್ರಮಾಣಪತ್ರಗಳ ಕೆಳಗೆ ಶಾಖೆಯ ಚಿನ್ನ ಪರೀಕ್ಷಕರ ಸಹಿಯಿತ್ತು.

ಅವರನ್ನು ಕರೆಸಿದೆ. ಅರವತ್ತು ದಾಟಿದವರು; ಪೇಟೆಯಲ್ಲಿ ಅವರದೊಂದು ಚಿಕ್ಕ ಅಂಗಡಿ. ಅಕ್ಕಸಾಲಿಗರಾದ್ದರಿಂದ ಊರಿನವರಿಗೆಲ್ಲ ಅವರು ಪತ್ತಾರ ಕಾಕಾ.

"ಇವುಗಳೊಳಗ ಅರಗ ಐತಿ ಅಂತ ನಿಮಗ ಗೊತ್ತಿತ್ತೇನ್ರಿ?" ಎಂದು ಕೇಳಿದೆ.

"ಬೋರಮಾಳದಾಗ ಅರಗಲ್ದ ಮತ್ತೇನ್ ಇರತೈತ್ರಿ ಮೇಡಮ್ಮಾರ?"

"ಮತ್ತ ಕಳದಿಲ್ಲಲ್ಲ?"

"ಕಳದೇನಲ್ರಿ. ಎಲ್ಲಾದಕ್ಕೂ ಬರದೇನಿ."

ಪ್ರಮಾಣಪತ್ರಗಳ ಸ್ಕ್ಯಾನ್ ಪ್ರತಿಗಳು ನನ್ನ ಲ್ಯಾಪ್‌ಟಾಪಿನಲ್ಲಿದ್ದವು. ಒಂದೊಂದನ್ನೇ ತೋರಿಸಿದೆ. ಇಂಗ್ಲಿಷಿನ ನಮೂನೆ. ಒಟ್ಟು ತೂಕ, ಹರಳಿನ ತೂಕ, ನಿವ್ವಳ ತೂಕ, ಕೆಳಗೆ ಅವರ ಕನ್ನಡ ಸಹಿ. ಅರಗಿನ ಮಾತು ಎಲ್ಲಿಯೂ ಇರಲಿಲ್ಲ. ಅವರು ಕನ್ನಡಕವನ್ನು ಮೇಲೆ ಕೆಳಗೆ ಮಾಡಿ ಹನ್ನೊಂದನ್ನೂ ನೋಡಿದರು. ಬಳಿಕ ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡರು.

"ಸಹಿ ನಂದ ಐತ್ರಿ. ಬರದದ್ದು ಎಲ್ಲಿ ಹೋತು ತಿಳೀವಲ್ದು."

ಬರೆದದ್ದು ಎಲ್ಲಿಗಾದರೂ ಹೋಗುತ್ತದೆಯೇ ಎಂದು ನಾನು ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಸಂಜೆಯ ಗಾಡಿಗೆ ಹೊರಡುವ ಮೊದಲು ನಾಲ್ಕು ಸಾಲಿನ ಪ್ರಾಥಮಿಕ ವರದಿ ಕಳಿಸಿದೆ: ಪರೀಕ್ಷಕರು ಸಾಲಗಾರರೊಡನೆ ಸೇರಿ ಅರಗನ್ನು ಚಿನ್ನವೆಂದು ಪ್ರಮಾಣೀಕರಿಸಿರುವಂತೆ ತೋರುತ್ತದೆ, ಅವರನ್ನು ತಕ್ಷಣ ದೂರವಿಡಬೇಕು. ಮರುದಿನವೇ ಆದೇಶ ಹೊರಟಿತು. ಅವರ ಹೆಸರು ಪಟ್ಟಿಯಿಂದ ತೆಗೆಯಲ್ಪಟ್ಟಿತು, ಶಾಖೆಯ ಮೆಟ್ಟಿಲು ಹತ್ತದಂತೆ ತಿಳಿಸಲಾಯಿತು, ಹದಿನೈದು ದಿನದೊಳಗೆ ವಿವರಣೆ ಕೊಡದಿದ್ದರೆ ಪೊಲೀಸರಿಗೆ ದೂರು ಎಂದು ಎಚ್ಚರಿಸಲಾಯಿತು. 'ಚಿನ್ನದ ವಿಷಯದಲ್ಲಿ ಈ ವ್ಯಕ್ತಿಯೊಡನೆ ವ್ಯವಹರಿಸಬೇಡಿ' ಎಂಬ ಸೂಚನೆ ಅವರ ಹೆಸರಿನ ಸಮೇತ ಗ್ರಾಹಕರಿಗೆ ಕಾಣುವಂತೆ ಗೋಡೆಗೇರಿತು. ಅಕ್ಕಸಾಲಿಗನೊಬ್ಬನಿಗೆ ಸಣ್ಣ ಊರಿನಲ್ಲಿ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ನನ್ನ ಹುಮ್ಮಸ್ಸಿನಲ್ಲಿ ಮೊದಲ ಬಿರುಕು ಬಿದ್ದದ್ದು ಆ ಸಂಜೆಯ ಗಾಡಿಯಲ್ಲಿಯೇ. ಹುಬ್ಬಳ್ಳಿಯ ಪರೀಕ್ಷಕರು ಈ ಸಲ ಎಚ್ಚರವಾಗಿದ್ದರು.

"ಮೇಡಮ್ಮಾರ, ಒಂದ್ ಮಾತು. ಆ ಮನಷ್ಯಾ ಮೋಸ ಮಾಡಾಂವ ಇದ್ರ ಬಳಿ, ಚೈನು, ಕಲ್ಲಿನ ಒಡವಿ ಎಲ್ಲಾ ಬಿಟ್ಟು ಬರೇ ಬೋರಮಾಳಕ್ಕ ಯಾಕ ಕೈ ಹಾಕಿದಾ? ಕಲ್ಲಿನ ಒಡವಿ ಆಗಿದ್ರ ನನಗೂ ಗೊತ್ತಾಗ್ತಿದ್ದಿಲ್ಲ. ಬೋರಮಾಳದಾಗ ಅರಗ ಐತಿ ಅಂತ ಎಲ್ಲಾರಿಗೂ ಗೊತ್ತಿರತೈತಿ."

ಎಲ್ಲರಿಗೂ ಎಂದರೆ ನನ್ನನ್ನು ಬಿಟ್ಟು. ನಮ್ಮ ಮನೆಯಲ್ಲಿಯೂ ಅಂಥ ಸರವೊಂದಿದೆ. ವಿಶ್ವವಿದ್ಯಾಲಯದಲ್ಲಿ ಅಪಾಯ ನಿರ್ವಹಣೆಯನ್ನೇ ವಿಶೇಷವಾಗಿ ಓದಿದ ನಾನು, ಅವ್ವನ ಕೊರಳಿನ ಗುಂಡುಗಳಲ್ಲಿ ಏನಿದೆಯೆಂದು ಒಮ್ಮೆಯೂ ಕೇಳಿರಲಿಲ್ಲ.

ಮನೆಗೆ ಬಂದು ಹನ್ನೊಂದು ಕೊರತೆಗಳನ್ನು ಸಾಲಾಗಿ ಬರೆದು ನೋಡಿದೆ. ದೊಡ್ಡ ಸರಕ್ಕೆ ದೊಡ್ಡ ಕೊರತೆ, ಸಣ್ಣ ಸರಕ್ಕೆ ಸಣ್ಣ ಕೊರತೆ. ಎಲ್ಲದರಲ್ಲೂ ಸುಮಾರಾಗಿ ಅದೇ ಪಾಲು. ಸಾಲಗಾರರೊಡನೆ ಸೇರಿ ಮೋಸ ಮಾಡುವವನು ಇವಳಿಗಿಷ್ಟು, ಅವಳಿಗಷ್ಟು ಎಂದು ಹೆಚ್ಚುಕಡಿಮೆ ಮಾಡುತ್ತಾನೆ. ಈ ಕೊರತೆಗಳ ಹಿಂದೆ ಮನುಷ್ಯನ ಆಸೆ ಕಾಣಲಿಲ್ಲ. ಯಂತ್ರದ ಅಭ್ಯಾಸ ಕಂಡಿತು. ಆಗ ನನಗಾದದ್ದು ಪಶ್ಚಾತ್ತಾಪವಲ್ಲ, ಬರಿಯ ಕುತೂಹಲ. ಬರೆದೆ ಎನ್ನುತ್ತಾರೆ, ಕಾಗದದಲ್ಲಿಲ್ಲ. ಎರಡೂ ನಿಜವಾಗಿರಲು ಸಾಧ್ಯವೇ?

ಪೊಲೀಸ್ ದೂರಿಗೆ ಮೂಲ ಪ್ರತಿಗಳು ಬೇಕಾಗುತ್ತವೆ ಎಂಬ ನೆಪ ಹೇಳಿ ಎರಡು ದಿನ ಬಿಟ್ಟು ಮತ್ತೆ ಅಣ್ಣಿಗೇರಿಗೆ ಹೋದೆ. ಸ್ಕ್ಯಾನ್ ಪ್ರತಿಯಿರುವಾಗ ಮೂಲವನ್ನು ಕೇಳುವವರೇ ಇರಲಿಲ್ಲವಾದ್ದರಿಂದ ಅವೆಲ್ಲ ದಾಖಲೆ ಕೋಣೆಯಲ್ಲಿದ್ದವು. ಪ್ರತಿ ತಿಂಗಳ ಕಾಗದಗಳ ಎಡ ಅಂಚಿಗೆ ತೂತು ಹಾಕಿ, ದಾರ ಬಿಗಿದು ಕಟ್ಟಿ, ಗಂಟಿನ ಮೇಲೆ ಚೀಟಿ ಅಂಟಿಸಿದ್ದರು. ಚೀಟಿಗಳ ಮೇಲೆ ಹಿಂದಿನ ವರ್ಷದ ತಪಾಸಣಾಧಿಕಾರಿಯ ಸಹಿ ಮತ್ತು ಮೊಹರು. 'ಪರಿಶೀಲಿಸಲಾಗಿದೆ' ಎಂದು ಬರೆದಿದ್ದ ಆ ಚೀಟಿಗಳಲ್ಲಿ ಒಂದೂ ಹರಿದಿರಲಿಲ್ಲ. ಗಂಟು ಬಿಚ್ಚದೆ ಒಳಗಿನದನ್ನು ಹೇಗೆ ಪರಿಶೀಲಿಸಿದರೆಂದು ಅವರೇ ಹೇಳಬೇಕು.

ಮ್ಯಾನೇಜರರ ಎದುರಿಗೆ ಮೊದಲ ಕಟ್ಟಿನ ಚೀಟಿ ಹರಿದೆ. ದಾರ ಸಡಿಲವಾಗಿ ಕಾಗದಗಳು ಅಗಲವಾದವು. ಸಿಪಾಯಿ ಬಗ್ಗಿ ನೋಡಿ, "ಇಲ್ನೋಡ್ರಿ, ಕಾಕಾನ ಅಕ್ಷರ," ಎಂದ. ನಲವತ್ತು ಗ್ರಾಮಿನ ಆ ಸರದ ಪ್ರಮಾಣಪತ್ರದ ಎಡ ಅಂಚಿನಲ್ಲಿ, ತೂತುಗಳ ಬಾಜುವಿನಲ್ಲಿ, ಪೆನ್ನಿನಿಂದ ಬರೆದದ್ದು: 'ಅರಗು ೧೪, ಚಿನ್ನ ೨೬.' ಮುಂದಿನದರಲ್ಲಿಯೂ ಹಾಗೆಯೇ. ಅದರ ಮುಂದಿನದರಲ್ಲಿಯೂ. ಮೊದಲಿದ್ದ ಕಾಗದದ ರಿಜಿಸ್ಟರಿನಲ್ಲಿ ಅರಗಿಗೊಂದು ಕಾಲಂ ಇತ್ತಂತೆ. ಹೊಸ ಸಾಫ್ಟ್‌ವೇರ್ ಬಂದಾಗ ನಮೂನೆಯಲ್ಲಿ ಹರಳಿಗೆ ಜಾಗ ಉಳಿಯಿತು, ಅರಗಿಗೆ ಉಳಿಯಲಿಲ್ಲ. ಪರೀಕ್ಷಕರು ತಮಗೆ ಸಿಕ್ಕ ಖಾಲಿ ಜಾಗದಲ್ಲಿ ಬರೆದರು. ಗುಮಾಸ್ತರು ಪರದೆಯ ಮೇಲೆ ಒಟ್ಟು ತೂಕ, ಹರಳು ಎಂಬ ಎರಡೇ ಕಾಲಂಗಳನ್ನು ತುಂಬಿದರು. ಒಟ್ಟು ತೂಕದಿಂದ ಹರಳು ಕಳೆದು, ಹರಳಿಲ್ಲದ ಸರದ ಪೂರ್ತಿ ತೂಕವನ್ನು ಚಿನ್ನವೆಂದು ಯಂತ್ರವೇ ಲೆಕ್ಕ ಹಾಕಿತು; ಅದನ್ನೇ ಸಹಿಯಾಗಿದ್ದ ಕಾಗದದ ನಿವ್ವಳ ತೂಕದ ಕಾಲಂಗೂ ಇಳಿಸಿದರು. ಸ್ಕ್ಯಾನ್ ಯಂತ್ರ ಅಂಚು ಕತ್ತರಿಸಿ ಪ್ರಧಾನ ಕಚೇರಿಗೆ ಕಳಿಸಿತು. ನಾವು ಅಲ್ಲಿ ಕುಳಿತು ಅಂಚಿಲ್ಲದ ಕಾಗದಗಳನ್ನು ಓದಿದೆವು.

"ನಿಮಗ ಇದು ಗೊತ್ತಿದ್ದಿಲ್ಲೇನ್ರಿ ಸರ್?" ಎಂದು ಮ್ಯಾನೇಜರರನ್ನು ಕೇಳಿದೆ.

ಅವರು ಎದ್ದು ಹೋಗಿ ಪತ್ರಗಳ ಆವಕ-ಜಾವಕ ಪುಸ್ತಕ ತಂದರು. ಹೊಸ ಸಾಫ್ಟ್‌ವೇರ್ ಬಂದ ತಿಂಗಳಲ್ಲಿಯೇ, 'ಅರಗಿನ ತೂಕವನ್ನು ಯಾವ ಕಾಲಂನಲ್ಲಿ ಬರೆಯಬೇಕು?' ಎಂದು ಶಾಖೆಯಿಂದ ಪ್ರಧಾನ ಕಚೇರಿಗೆ ಪತ್ರ ಹೋಗಿತ್ತು. ಕೆಲವು ವಾರಗಳ ಬಳಿಕ ಜ್ಞಾಪನ ಪತ್ರವೂ ಹೋಗಿತ್ತು. ಆವಕದ ಬದಿಯಲ್ಲಿ ಉತ್ತರದ ದಾಖಲೆಯಿಲ್ಲ.

"ಎರಡ ಸಲ ಕೇಳಿದ್ನಿ. ಮೂರನೇ ಸಲ ಕೇಳಿದ್ರ ವರ್ಗ ಮಾಡ್ತಾರ ಅಂತ ಸುಮ್ನಾದ್ನಿ," ಎಂದರು.

"ನೀವು ಸುಮ್ಮನಾದದ್ದಕ್ಕ ಕಾಕಾ ಕಳ್ಳ ಆದ್ರಲ್ರಿ."

"ಬರದವ್ರು ನೀವಲ್ರೀ ಮೇಡಮ್ಮಾರ," ಎಂದರು ಅವರು, ದನಿ ಏರಿಸದೆ.

ಅಲ್ಲಿಂದಲೇ ನಮ್ಮ ವಿಭಾಗದ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ಎರಡು ಮಾತು ಹೇಳಿದರು. ಮೊದಲನೆಯದು, ಅಂಚಿನ ಬರಹವನ್ನು ಯಾವಾಗ ಬೇಕಾದರೂ ಬರೆದಿರಬಹುದು. ಅದಕ್ಕೆ ಹರಿಯದ ಚೀಟಿಯೇ ಉತ್ತರವಾಗಿತ್ತು: ಹಿಂದಿನ ವರ್ಷದಿಂದ ಆ ಗಂಟನ್ನು ಯಾರೂ ಬಿಚ್ಚಿರಲಿಲ್ಲ. ತಪಾಸಣಾಧಿಕಾರಿಯೊಬ್ಬರ ಸೋಮಾರಿತನ ಪರೀಕ್ಷಕರ ಸಾಕ್ಷಿಯಾಗಿ ನಿಂತಿತ್ತು. ಎರಡನೆಯ ಮಾತು ಗಟ್ಟಿಯಾಗಿತ್ತು.

"ಗುಂಡು ಒಡೆಯದೆ ಒಳಗಿನ ಅರಗಿನ ತೂಕ ಹೇಳುವುದು ಊಹೆ. ನಿನ್ನ ಹುಬ್ಬಳ್ಳಿಯವರು ಇಪ್ಪತ್ತೆಂಟು ಅಂದರು, ಇವರು ಇಪ್ಪತ್ತಾರು ಅನ್ನುತ್ತಾರೆ. ಯಾವುದು ನಿಜ? ಊಹೆಯನ್ನು ನಮೂನೆಯಲ್ಲಿ ಸೇರಿಸಲಾಗದು. ನಿರ್ಲಕ್ಷ್ಯ ಎಂದು ತಿದ್ದಿ ಕಳಿಸು, ಮುಗಿಸೋಣ."

ಹಾಗೆ ತಿದ್ದಿದ್ದರೆ ಎಲ್ಲರೂ ಉಳಿಯುತ್ತಿದ್ದರು, ಪರೀಕ್ಷಕರೊಬ್ಬರನ್ನು ಬಿಟ್ಟು. ನಾನು ತಿದ್ದಲಿಲ್ಲ. ಆದರೆ ಮುಖ್ಯಸ್ಥರ ಪ್ರಶ್ನೆಯೂ ನನ್ನನ್ನು ಬಿಡಲಿಲ್ಲ. ಕಾಣದ ಅರಗನ್ನು ಈ ಮನುಷ್ಯ ಹೇಗೆ ತೂಗುತ್ತಾರೆ?

ಪೇಟೆಯಲ್ಲಿದ್ದ ಕಾಕಾನ ಅಂಗಡಿಗೆ ಹೋದೆ. ಅವರು ಬೆಳ್ಳಿಯ ಕಾಲುಂಗುರ ತಿಕ್ಕುತ್ತ ಕುಳಿತಿದ್ದರು. ಮುಂದೆ ಬೇರೆ ಕೆಲಸವಿರಲಿಲ್ಲ. ಕೂರಲು ಹೇಳಲಿಲ್ಲ. ಅಂಚಿನ ಬರಹ ಸಿಕ್ಕಿತೆಂದಾಗ ಒಮ್ಮೆ ಕಣ್ಣು ಮುಚ್ಚಿ ತೆರೆದರು, ಅಷ್ಟೇ. ನನ್ನ ಪ್ರಶ್ನೆ ಕೇಳಿದ ಮೇಲೆ ಮಾತ್ರ ಕಾಲುಂಗುರವನ್ನು ಕೆಳಗಿಟ್ಟರು.

"ಗುಂಡಿನ ತೂತಿನ್ಯಾಗ ಸೂಜಿ ಆಡಿಸಿದ್ರ ತಗಡ ಎಷ್ಟ ದಪ್ಪ ಐತಿ ತಿಳೀತೈತ್ರಿ. ಉಗುರಲೆ ಬಡದ್ರ ಅರಗ ತುಂಬೈತೋ ಪುಡಿ ಆಗೈತೋ ಗೊತ್ತಾಗ್ತೈತಿ. ಮತ್ತ ಕೈ ಯಾರದಂತ ನೋಡಬೇಕು. ನರಗುಂದದ ಕೈ ಇದ್ರ ತಗಡ ಅಗದಿ ತೆಳುವು, ಅರಗ ಜಾಸ್ತಿ. ಈ ಕಡೆ ಹೊಸಬ್ರು ಮಾಡಿದ್ರ ತಗಡ ದಪ್ಪ. ನಿಮ್ಮ ಹುಬ್ಬಳ್ಳ್ಯಾಂವಗ ಬರೇ ತಕ್ಕಡಿ ಗೊತ್ತೈತಿ."

"ತಪ್ಪೋದಿಲ್ಲೇನ್ರಿ ಕಾಕಾ?"

"ತಪ್ಪತೈತಿ. ಗುಂಜಿ ಎರಡ ಗುಂಜಿ. ಹನ್ನೆರಡ ಗ್ರಾಮ್ ತಪ್ಪೂದಿಲ್ಲ."

ಬಾಯಿಮಾತು ಪ್ರಧಾನ ಕಚೇರಿಯಲ್ಲಿ ನಿಲ್ಲುವುದಿಲ್ಲ. ಗುಂಡೊಂದನ್ನು ಒಡೆದು ನೋಡಬೇಕಿತ್ತು. ಬ್ಯಾಂಕಿನ ವಶದಲ್ಲಿರುವ ಒಡವೆಯನ್ನು ಒಡೆಯಲು ನಮಗೆ ಅಧಿಕಾರವಿಲ್ಲ. ಹೊರಗೆ ಒಯ್ಯಲೂ ಇಲ್ಲ. ಎರಡು ದಿನ ದಾರಿ ತೋಚಲಿಲ್ಲ. ಮೂರನೆಯ ದಿನ, ನವಲಗುಂದದ ಕಡೆಯ ಹಳ್ಳಿಯೊಂದರಿಂದ ಕುರಿ ಸಾಕುವ ಮನೆತನದ ಹೆಂಗಸೊಬ್ಬರು ಟಗರು ಮಾರಿದ ಹಣ ತಂದು ಸರ ಬಿಡಿಸಿಕೊಳ್ಳಲು ಬಂದಿದ್ದಾರೆಂದು ಮ್ಯಾನೇಜರರೇ ನನಗೆ ಫೋನ್ ಮಾಡಿದರು. ಅದು ಹನ್ನೊಂದರಲ್ಲಿ ಒಂದು, ಅದೇ ನಲವತ್ತು ಗ್ರಾಮಿನ ಸರ. ಹುಬ್ಬಳ್ಳಿಯ ಪರೀಕ್ಷಕರನ್ನು ಕರೆದುಕೊಂಡು ಮುಂದಿನ ಬಸ್ಸಿಗೇ ಓಡಿದೆ. ಸಾಲ ತೀರಿ, ಸರ ಕೈಸೇರಿ, ಸಹಿಯಾದ ಮೇಲೆ ಅದು ಬ್ಯಾಂಕಿನದಲ್ಲ, ಅವರದು. ಒಡೆಯುವ ಹಕ್ಕು ಈಗ ಅವರಿಗಿತ್ತು.

"ಅಕ್ಕಾ, ಒಂದ ಗುಂಡ ಬಿಚ್ಚಿ ನೋಡಬೇಕಂತ ಐತ್ರಿ. ಮತ್ತ ಮೊದಲಿನಂಗ ಮಾಡಿಸಿ ಕೊಡ್ತೀವಿ," ಎಂದೆ.

"ಯಾಕವಾ? ಹೊಟ್ಟ್ಯಾಗ ಏನೈತಿ ಅಂತ ಕುರಿ ಕೊಯ್ದು ನೋಡ್ತಾರೇನು?"

ವಿಷಯವನ್ನೆಲ್ಲ ಹೇಳಿದೆ. ಓದಲು ಬಾರದ ಅವರು ಗೋಡೆಯ ಸೂಚನೆಯನ್ನು ಸಿಪಾಯಿಯಿಂದ ಓದಿಸಿದರು. ಎರಡನೆಯ ಸಲವೂ ಓದಿಸಿದರು.

"ಈ ಸರ ಹಿಡಕೊಂಡ ಕೂಡ್ಲೇ ಅಂವಾ ನರಗುಂದದ ಕೈ ಅಂದಿದ್ದ. ನಮ್ಮತ್ತಿ ತವರಮನಿ ಅದ ಊರು. ನಾ ಹೇಳಿದ್ದಿಲ್ಲ ಅಂವಗ. ಬಿಚ್ಚರಿ. ಆದ್ರ ಅಂವನ ಬಿಚ್ಚಬೇಕು. ಪರ ಊರಾಂವ ಮುಟ್ಟೂದು ಬ್ಯಾಡ."

"ಹುಬ್ಬಳ್ಳಿ ಪರ ಊರ ಆತೇನ್ ಬೇ?" ಎಂದರು ಹುಬ್ಬಳ್ಳಿಯ ಪರೀಕ್ಷಕರು.

"ನಮ್ಮ ಕುರಿ ನಡದು ಮುಟ್ಟದಿದ್ದ ಊರೆಲ್ಲಾ ಪರ ಊರನ."

ಪತ್ತಾರ ಕಾಕಾ ಶಾಖೆಗೆ ಬರಲು ಒಪ್ಪಲಿಲ್ಲ. "ಮೆಟ್ಟಲಾ ಹತ್ತಬ್ಯಾಡಂತ ಬರದೀರಿ. ಹತ್ತೂದಿಲ್ಲ," ಎಂದು ಹೇಳಿ ಕಳಿಸಿದರು. ಹಾಗಾಗಿ ನಾವೇ ಹೋದೆವು. ಮ್ಯಾನೇಜರರು ಬಾಗಿಲವರೆಗೆ ಬಂದು ನಿಂತರು.

"ನಾ ಬಂದ್ರ ಸಾಕ್ಷಿ ಸಹಿ ಮಾಡಬೇಕಾಗ್ತೈತ್ರಿ."

"ಹೌದ್ರಿ ಸರ್. ಅದಕ್ಕ ಬರ್ರಿ."

ಚಪ್ಪಲಿ ಮೆಟ್ಟಿಕೊಳ್ಳಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಆದರೆ ಬಂದರು.

ಅಂಗಡಿಯಲ್ಲಿ ಕ್ರಮ ಹೀಗಿತ್ತು. ನಲವತ್ತು ಗುಂಡುಗಳಲ್ಲಿ ಒಂದನ್ನು ಒಡತಿಯೇ ಕಣ್ಣುಮುಚ್ಚಿ ಆರಿಸಿದರು. ಹುಬ್ಬಳ್ಳಿಯವರ ತಕ್ಕಡಿಯಲ್ಲಿ ಅದು ಒಂದು ಗ್ರಾಮ್ ತೂಗಿತು. ಇಬ್ಬರು ಪರೀಕ್ಷಕರೂ ಒಳಗಿನ ಅರಗಿನ ತೂಕವನ್ನು ಬೇರೆಬೇರೆ ಚೀಟಿಗಳಲ್ಲಿ ಬರೆದು ಮಡಚಿ ನನ್ನ ಕೈಗೆ ಕೊಟ್ಟರು. ಬಳಿಕ ಕಾಕಾ ಇದ್ದಿಲ ಒಲೆಯ ಮುಂದೆ ಕುಳಿತು ಗುಂಡನ್ನು ಚಿಮಟದಲ್ಲಿ ಹಿಡಿದು ಬೆಚ್ಚಗೆ ಮಾಡಿ, ಬೆಸುಗೆಯ ಗೆರೆಯಲ್ಲಿ ಎರಡು ಹೋಳಾಗಿ ಬಿಡಿಸಿದರು. ಕಪ್ಪಗಿನ ಅರಗು ಮೆತ್ತಗಾಗಿ ತಗಡಿನಿಂದ ಕಳಚಿಕೊಂಡಿತು. ಉಳಿದ ಕಣಗಳನ್ನೂ ಕೆರೆದು ಸೇರಿಸಿದರು. ಅರಗಿನ ತೂಕ ಮುನ್ನೂರ ನಲವತ್ತು ಮಿಲಿಗ್ರಾಮ್.

ಚೀಟಿ ಬಿಚ್ಚಿದೆ. ಹುಬ್ಬಳ್ಳಿಯವರದು ಮುನ್ನೂರು. ಕಾಕಾನದು ಮುನ್ನೂರ ಐವತ್ತು. ನಲವತ್ತು ಗುಂಡಿಗೆ ಹದಿನಾಲ್ಕು ಗ್ರಾಮ್, ಗಂಟಿನೊಳಗಿನ ಅಂಚಿನಲ್ಲಿ ಬರೆದಿದ್ದಂತೆಯೇ.

ಹುಬ್ಬಳ್ಳಿಯವರು ತಮ್ಮ ಚೀಟಿಯನ್ನು ಮತ್ತೊಮ್ಮೆ ಓದಿ, "ಆ ಸೂಜಿ ಆಡಸೂದು ನನಗೂ ಸ್ವಲ್ಪ ತೋರಸ್ರಿ ಕಾಕಾ," ಎಂದರು. ಎಲ್ಲರಿಗಿಂತ ಮೊದಲು ಮ್ಯಾನೇಜರರು ಪೆನ್ನು ಕೇಳಿ ಸಹಿ ಮಾಡಿದರು. ಕಾಕಾ ಯಾರತ್ತಲೂ ನೋಡದೆ ಗುಂಡಿಗೆ ಮತ್ತೆ ಅರಗು ತುಂಬಿ, ಬೆಸೆದು, ಪೋಣಿಸಿ, ಒಡತಿಯ ಕೈಗಿಟ್ಟರು.

ಹೊರಡುವಾಗ ನಾನು ಕ್ಷಮೆ ಕೇಳಿದೆ.

"ಬಾಯಿಲೆ ಕೇಳಿದ್ರ ಆಗೂದಿಲ್ರಿ ಮೇಡಮ್ಮಾರ," ಎಂದರು. "ಬಾಯಿಲೆ ಬೈದಿದ್ರ ಬಾಯಿಲೆ ಸರಿ ಹೋಗ್ತಿತ್ತು. ನೀವು ಗ್ವಾಡಿಗೆ ಹಚ್ಚೀರಿ."

ಆ ದಿನವೇ ಎರಡನೆಯ ವರದಿ ಕಳಿಸಿದೆ. ಮೊದಲ ವರದಿ ತಪ್ಪೆಂದೂ ಅದನ್ನು ಬರೆದವಳು ನಾನೇ ಎಂದೂ ಅದರ ಮೊದಲ ವಾಕ್ಯದಲ್ಲಿಯೇ ಇದೆ. ಮೂಲ ಪ್ರಮಾಣಪತ್ರಗಳು, ಹರಿಯದ ಚೀಟಿಗಳು, ಆವಕ-ಜಾವಕದ ಪುಟಗಳು, ಸಾಕ್ಷಿಗಳ ಸಹಿಯುಳ್ಳ ಪಂಚನಾಮೆ ಎಲ್ಲವನ್ನೂ ಲಗತ್ತಿಸಿದ್ದೇನೆ. ಕೆಲವು ವಾರಗಳ ಬಳಿಕ ಬಂದ ಉತ್ತರ ಒಂದೇ ಸಾಲಿನದು: ಆದೇಶವನ್ನು 'ಸದ್ಯಕ್ಕೆ ತಡೆಹಿಡಿಯಲಾಗಿದೆ.' ತಡೆಹಿಡಿದ ಆದೇಶ ಸತ್ತ ಆದೇಶವಲ್ಲ. ಗೋಡೆಯ ಸೂಚನೆ ಅಲ್ಲಿಯೇ ಇದೆ. ಅದನ್ನು ಓದಿದವರು ರಿಪೇರಿಗೆ ಕೊಟ್ಟ ಒಡವೆಗಳನ್ನು ಕಾಕಾನ ಅಂಗಡಿಯಿಂದ ವಾಪಸು ಒಯ್ಯುತ್ತಿದ್ದಾರೆ. ನಮ್ಮ ಇತರ ಶಾಖೆಗಳು ಇಂದಿಗೂ ಅದೇ ನಮೂನೆಯಲ್ಲಿ ಅರಗಿಗೆ ಸಾಲ ಕೊಡುತ್ತಿವೆ.

ಆದ್ದರಿಂದ ಬ್ಯಾಂಕಿನ ಆಡಳಿತ ಮಂಡಳಿಯನ್ನು ಬಹಿರಂಗವಾಗಿ ಮತ್ತು ವಿಧಿಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಅರಗಿನ ಕಾಲಂ ತೆಗೆಯಲು ಯಾರು ಒಪ್ಪಿಗೆ ಕೊಟ್ಟರು, ಶಾಖೆಯ ಎರಡು ಪತ್ರಗಳು ಯಾರ ಮೇಜಿನ ಮೇಲೆ ನಿಂತವು, ಬಿಚ್ಚದ ಗಂಟಿನ ಮೇಲೆ ಪರಿಶೀಲಿಸಲಾಗಿದೆ ಎಂದು ಬರೆಯಲು ಯಾವ ನಿಯಮ ಅವಕಾಶ ಕೊಡುತ್ತದೆ ಎಂಬುದಕ್ಕೆ ಉತ್ತರ ಬೇಕು. ಎಲ್ಲ ಶಾಖೆಗಳ ಕೆಳಗಿನ ಅಂತಸ್ತುಗಳನ್ನು ಹೊರತೆಗೆದು ತೂಗಬೇಕು. ಆ ತೂಕದಲ್ಲಿ ಬರುವ ವ್ಯತ್ಯಾಸವನ್ನು ಒಡವೆಯಿಟ್ಟ ಹೆಂಗಸರ ಮೇಲೆ ಹೊರಿಸಬಾರದು. ತಪ್ಪು ವರದಿಗಾಗಿ ನನ್ನ ಮೇಲೆ ಕ್ರಮ ಕೈಗೊಳ್ಳುವುದಾದರೆ ಅದಕ್ಕೆ ಸಿದ್ಧಳಿದ್ದೇನೆ. ಎಲ್ಲಕ್ಕಿಂತ ಮೊದಲು ಆ ಸೂಚನೆಯನ್ನು ಕಿತ್ತು, ಅದೇ ಗೋಡೆಯ ಅದೇ ಜಾಗದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ, ಚಿನ್ನ ಪರೀಕ್ಷಕರು ನಿರ್ದೋಷಿಯೆಂದು ಬರೆದು, ಬರೆದವರ ಹೆಸರು ಮತ್ತು ಸಹಿಯೊಡನೆ ಹಚ್ಚಬೇಕು.

ಉತ್ತರವನ್ನು ಕನ್ನಡದಲ್ಲಿ, ಲಿಖಿತವಾಗಿ, ಅಣ್ಣಿಗೇರಿ ಪೇಟೆಯ ಅವರ ಅಂಗಡಿಯ ವಿಳಾಸಕ್ಕೆ ಕಳಿಸಬೇಕೆಂದು ವಿನಂತಿ. ನನ್ನ ಹೆಸರಿಗೆ ಬೇಡ.